ಗುಲಾಬಿ ವಜ್ರದ ಬೆಲೆ

ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ ನಮ್ಮ ಹಳೆಯ ಶಿಷ್ಯರೊಬ್ಬರು ಸಪತ್ನೀಕರಾಗಿ ನಮ್ಮ ಮನೆಗೆ ಬಂದರು. ಕುಶಲಪ್ರಶ್ನೆಗಳಾದುವು; ಕಾಫಿಯಾಯಿತು. ಬಳಿಕ ಅವರು ಜೇಬಿನಿಂದ ಒಂದು ಲಕೋಟೆಯನ್ನು ತೆಗೆದು, "ಮೇಷ್ಟ್ರೇ, ತಾವು ಸಂಸ್ಕೃತ ಓದಿದವರು. ನಮ್ಮವರ ರತ್ನಶಾಸ್ತ್ರದಲ್ಲಿ ಗುಲಾಬಿ ಬಣ್ಣದ ವಜ್ರದ ಮಾತು ಉಂಟೆ? ಅದನ್ನು ನಮ್ಮಂಥವರು ಕೊಳ್ಳಬಹುದೆ?" ಎಂದು ಕೇಳಿದರು.

ಸಂಗತಿಯಿಷ್ಟು. ದಲ್ಲಾಳಿಯೊಬ್ಬನು ಅವರಿಗೆ ಕಾಲು ಕ್ಯಾರೆಟ್ಟಿನ ಒಂದು ಗುಲಾಬಿ ವಜ್ರವನ್ನು ತೋರಿಸಿದ್ದನು. ಈ ಬಗೆಯ ವಜ್ರ ದೊರೆಯುತ್ತಿದ್ದ ಆಸ್ಟ್ರೇಲಿಯದ ಗಣಿ ಮುಚ್ಚಿಹೋಗಿದೆ, ಇನ್ನು ಮೇಲೆ ಇದರ ಬೆಲೆ ಏರುವುದೇ ಹೊರತು ಇಳಿಯುವುದೆಂಬುದಿಲ್ಲ, ಮಗಳ ಮದುವೆಯ ಹೊತ್ತಿಗೆ ಹಣ ಎರಡರಷ್ಟಾಗುವುದು, ಎಂದು ಅವನ ವಾದ. ಅವನು ಕೇಳಿದ ಬೆಲೆಯಾದರೋ ಆ ಮದುವೆಗೆಂದೇ ದಂಪತಿಗಳು ಕೂಡಿಟ್ಟ ಹಣದ ಮುಕ್ಕಾಲು ಪಾಲು. ಶಿಷ್ಯರು ಉತ್ಸಾಹದಿಂದ ಮಾತನಾಡುತ್ತಿದ್ದರು. ಅವರ ಹೆಂಡತಿ ಮಾತ್ರ ಒಂದು ಮಾತನ್ನೂ ಆಡದೆ ಲಕೋಟೆಯನ್ನೇ ನೋಡುತ್ತ ಕುಳಿತಿದ್ದರು.

ನಾವು ರತ್ನಪರೀಕ್ಷಕರಲ್ಲ. ಶಿಷ್ಯರಿಂದ ಒಂದು ವಾರದ ಅವಧಿಯನ್ನು ಬೇಡಿ, ಹಳೆಯ ಗ್ರಂಥಗಳನ್ನೂ ಹೊಸ ಗ್ರಂಥಗಳನ್ನೂ ತಿರುವಿಹಾಕಿದೆವು. ಹಾಗೆ ತಿಳಿದ ವಿಷಯವು ಬೇರೆ ಗೃಹಸ್ಥರಿಗೂ ಉಪಯೋಗವಾದೀತೆಂದು ಈ ಸಲದ ಲೇಖನವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಮೊದಲು ನಮ್ಮ ಪೂರ್ವಿಕರ ಮಾತನ್ನು ನೋಡೋಣ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ವಜ್ರಪರೀಕ್ಷೆಗೆಂದೇ ಒಂದು ಅಧ್ಯಾಯವನ್ನು ಬರೆದಿದ್ದಾನೆ. ಕೆಂಪು ಮತ್ತು ಹಳದಿ ಬಣ್ಣದ ವಜ್ರಗಳು ಕ್ಷತ್ರಿಯರಿಗೆ ಶುಭವೆಂದು ಅವನ ಮತ. ಅವನು ಬೆಲೆಯ ಲೆಕ್ಕವನ್ನೂ ಕೊಟ್ಟಿರುವುದು ವಿಶೇಷ. ಎಂಟು ಬಿಳಿಸಾಸಿವೆಯ ತೂಕಕ್ಕೆ ಒಂದು ತಂಡುಲ. ಇಪ್ಪತ್ತು ತಂಡುಲ ತೂಗುವ ವಜ್ರಕ್ಕೆ ಎರಡು ಲಕ್ಷ ಬೆಲೆ. ತೂಕ ಇಳಿದಂತೆ ಬೆಲೆ ಇಳಿಯುತ್ತದೆ. ಆದರೆ ಅದೇ ಪ್ರಮಾಣದಲ್ಲಿ ಅಲ್ಲ. ಎರಡು ತಂಡುಲದ ವಜ್ರಕ್ಕೆ ಅದರ ಸಾವಿರದಲ್ಲೊಂದು ಪಾಲು, ಎಂದರೆ ಇನ್ನೂರು ಮಾತ್ರ. ತೂಕವು ಹತ್ತನೆಯ ಒಂದಕ್ಕೆ ಇಳಿದರೆ ಬೆಲೆಯು ಸಾವಿರದ ಒಂದಕ್ಕೆ ಇಳಿಯುವುದೆಂಬ ಈ ಸೂಕ್ಷ್ಮವನ್ನು ವಾಚಕರು ನೆನಪಿನಲ್ಲಿಡಬೇಕು. ದೊಡ್ಡ ವಜ್ರದ ಬೆಲೆಯನ್ನು ಹೇಳಿ ಸಣ್ಣದನ್ನು ಮಾರುವ ಉಪಾಯವು ಹೊಸದಲ್ಲವೆಂದು ಕಾಣುತ್ತದೆ.

ಇನ್ನು ಬಣ್ಣದ ಕಾರಣ. ವಜ್ರವೆಂಬುದು ಶುದ್ಧವಾದ ಇಂಗಾಲ. ಅದರೊಳಗೆ ಸಾರಜನಕದ ಪರಮಾಣುಗಳು ಸೇರಿದರೆ ಹಳದಿ, ಬೋರಾನ್ ಸೇರಿದರೆ ನೀಲಿ. ಹಸುರು ಬಣ್ಣವು ಬಹುಮಟ್ಟಿಗೆ ಭೂಮಿಯೊಳಗಿನ ವಿಕಿರಣದಿಂದ ಬಂದದ್ದು. ಗುಲಾಬಿಯ ವಿಚಾರವೇ ಬೇರೆ. ಅಲ್ಲಿ ಸಾಮಾನ್ಯವಾಗಿ ಹೊರಗಿನ ಯಾವ ದ್ರವ್ಯವೂ ಬಣ್ಣವನ್ನು ಕೊಡುವುದಿಲ್ಲ. ಭೂಗರ್ಭದಲ್ಲಿ ಪರ್ವತಗಳು ಒಂದನ್ನೊಂದು ಒತ್ತುವ ಕಾಲದಲ್ಲಿ ಆ ಬಲಕ್ಕೆ ಸಿಕ್ಕಿದ ವಜ್ರದ ಪರಮಾಣುಗಳ ಜೋಡಣೆ ಸ್ವಲ್ಪ ಓರೆಯಾಗುತ್ತದೆ. ಹಾಗೆ ಓರೆಯಾದ ಪದರಗಳು ಬೆಳಕಿನಲ್ಲಿರುವ ಹಸುರು ಅಂಶವನ್ನು ಹೀರಿಕೊಳ್ಳುವುದರಿಂದ ನಮ್ಮ ಕಣ್ಣಿಗೆ ಬರುವ ಬೆಳಕು ಗುಲಾಬಿಯಾಗಿ ತೋರುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಅನೇಕ ಕಲ್ಲುಗಳಲ್ಲಿ ಈ ಬಣ್ಣವು ಮರದ ಎಳೆಗಳಂತೆ ಗೆರೆಗೆರೆಯಾಗಿ ಕಾಣುವುದು. ಒತ್ತಡವು ಹದವಾಗಿದ್ದರೆ ಗುಲಾಬಿ; ಹದ ಮೀರಿದರೆ ಕಂದು. ಕಂದು ಬಣ್ಣದ ವಜ್ರಗಳು ಹೇರಳ. ಹದವಾಗಿ ನೊಂದವು ಅತಿ ವಿರಳ. ಗುಲಾಬಿ ವಜ್ರದ ದುರ್ಲಭತೆಗೆ ಮೂಲಕಾರಣ ಇದು.

ಈಗ ಅದು ದೊರೆಯುವ ಸ್ಥಳಗಳ ವಿಚಾರ. ೧೮ನೆಯ ಶತಮಾನದ ಆದಿಭಾಗದಲ್ಲಿ ಬ್ರೆಜಿಲ್ ದೇಶದಲ್ಲಿ ವಜ್ರ ಸಿಕ್ಕುವವರೆಗೆ ಲೋಕಕ್ಕೆ ವಜ್ರವನ್ನು ಒದಗಿಸುತ್ತಿದ್ದುದು ಬಹುಮಟ್ಟಿಗೆ ನಮ್ಮ ದೇಶವೇ. ಗೋಲ್ಕೊಂಡದ ವಜ್ರವೆಂದು ಹೆಸರಾದುವು ಗೋಲ್ಕೊಂಡದ ಕೋಟೆಯೊಳಗೆ ಸಿಕ್ಕಿದುವಲ್ಲ. ಅದು ಪೇಟೆ, ಗಣಿಗಳಿದ್ದುದು ಕೃಷ್ಣಾತೀರದ ಕೊಲ್ಲೂರು ಮುಂತಾದ ಕಡೆಗಳಲ್ಲಿ. ಇರಾನಿನ ರಾಜಭಂಡಾರದಲ್ಲಿರುವ ದರಿಯಾ-ಇ-ನೂರ್ ಎಂಬ ವಜ್ರವು ನಸುಗುಲಾಬಿ ಬಣ್ಣದ್ದು. ತೂಕ ಸುಮಾರು ೧೮೨ ಕ್ಯಾರೆಟ್. ೧೭೩೯ರಲ್ಲಿ ನಾದಿರ್ ಶಹನು ದೆಹಲಿಯ ಮೊಗಲ್ ಭಂಡಾರವನ್ನು ಸೂರೆಮಾಡಿ ಒಯ್ದ ರತ್ನಗಳಲ್ಲಿ ಅದೂ ಒಂದು. ಹೈದರಾಬಾದಿನ ನಿಜಾಮರ ಮನೆತನದಲ್ಲಿದ್ದ ೩೪.೬೫ ಕ್ಯಾರೆಟ್ಟಿನ ಮತ್ತೊಂದು ಗುಲಾಬಿ ವಜ್ರವು ೧೯೬೦ರಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. ಬರೋಡದ ಕಿರಿಯ ರಾಜಕುಮಾರನ ಮುದ್ದುಹೆಸರಿನಿಂದ ಅದಕ್ಕೆ 'ಪ್ರಿನ್ಸಿ' ಎಂಬ ಹೆಸರು ಬಂದಿತು. ೨೦೧೩ರಲ್ಲಿ ಅದು ನ್ಯೂಯಾರ್ಕಿನಲ್ಲಿ ಮತ್ತೆ ಹರಾಜಾಗಿ ೩ ಕೋಟಿ ೯೩ ಲಕ್ಷ ಡಾಲರಿಗೆ ಹೋಯಿತು.

ಈ ಕಾಲದ ಗುಲಾಬಿ ವಜ್ರಗಳ ತವರು ಪಶ್ಚಿಮ ಆಸ್ಟ್ರೇಲಿಯದ ಕಿಂಬರ್ಲಿ ಸೀಮೆಯ ಆರ್ಗೈಲ್ ಗಣಿ. ೧೯೭೯ರಲ್ಲಿ ಅಲ್ಲಿ ವಜ್ರಗರ್ಭವಾದ ಶಿಲೆ ಪತ್ತೆಯಾಯಿತು. ೧೯೮೩ರಲ್ಲಿ ಉತ್ಪತ್ತಿ ಮೊದಲಾಯಿತು. ೨೦೨೦ರ ನವೆಂಬರಿನಲ್ಲಿ ನಿಂತುಹೋಯಿತು. ಈ ಅವಧಿಯಲ್ಲಿ ಅಲ್ಲಿಂದ ಹೊರಬಂದುದು ಸುಮಾರು ೮೬ ಕೋಟಿ ಕ್ಯಾರೆಟ್. ಐದು ಕ್ಯಾರೆಟ್ಟಿಗೆ ಒಂದು ಗ್ರಾಮ್ ಎಂಬ ಲೆಕ್ಕದಂತೆ ಇದು ೧೭೦ ಟನ್ನಿಗೂ ಮೇಲಾಯಿತು. ಆದರೆ ಈ ರಾಶಿಯಲ್ಲಿ ಬಹುಪಾಲು ಸಣ್ಣ ಸಣ್ಣ ಕಂದು ಕಲ್ಲುಗಳು. ನಮ್ಮ ಸೂರತ್ತಿನಲ್ಲಿ ಸಾಣೆ ಹಿಡಿಯುವ ಉದ್ಯಮವು ಬೆಳೆದುದು ಇಂಥ ಸಣ್ಣ ಕಲ್ಲುಗಳನ್ನು ಕಡಮೆ ಖರ್ಚಿನಲ್ಲಿ ಆಭರಣಯೋಗ್ಯವಾಗಿ ಮಾಡಿದ್ದರಿಂದ. ಗುಲಾಬಿ ಬಣ್ಣದವು ಸಾವಿರಕ್ಕೆ ಒಂದರಷ್ಟೂ ಇರಲಿಲ್ಲ. ಆದರೂ ಲೋಕದ ಗುಲಾಬಿ ವಜ್ರಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಈ ಒಂದು ಗಣಿಯದು. ಅವುಗಳಲ್ಲಿ ಉತ್ತಮವಾದ ಐವತ್ತು ಅರುವತ್ತು ಕಲ್ಲುಗಳನ್ನು ವರ್ಷಕ್ಕೊಮ್ಮೆ ಆಯ್ದು, ಆಹ್ವಾನಿತರಾದ ವರ್ತಕರಿಗೆ ಮಾತ್ರ ತೋರಿಸಿ, ಮುಚ್ಚಿದ ಲಕೋಟೆಗಳಲ್ಲಿ ಬೆಲೆ ಬರೆಸಿಕೊಂಡು ಮಾರುತ್ತಿದ್ದರು. ವರ್ಷದ ಆ ಆಯ್ಕೆಯೆಲ್ಲವೂ ಒಂದು ಬೊಗಸೆಗೆ ಸಾಲದಷ್ಟು.

ಹೀಗಿರುವಲ್ಲಿ ದಲ್ಲಾಳಿಯು ಗಣಿ ಮುಚ್ಚಿತೆಂದು ಹೇಳಿದ್ದು ಸುಳ್ಳಲ್ಲ. ಆದರೆ ಆ ಒಂದು ಗಣಿ ಮುಚ್ಚಿದರೆ ಭೂಮಿಯೇ ಬರಿದಾಯಿತೆಂದಲ್ಲ. ರಷ್ಯದಲ್ಲಿ ೨೦೧೭ರಲ್ಲಿ ದೊರೆತ ೨೭.೮೫ ಕ್ಯಾರೆಟ್ಟಿನ ಗುಲಾಬಿ ಕಲ್ಲು, ಅಂಗೋಲದಲ್ಲಿ ೨೦೨೨ರಲ್ಲಿ ದೊರೆತ ೧೭೦ ಕ್ಯಾರೆಟ್ಟಿನ ಕಲ್ಲು, ಇವು ಬೇರೆ ನೆಲದವು. ಟಾಂಜಾನಿಯದ ಮ್ವಾಡುಯಿ ಗಣಿಯಲ್ಲಿ ೧೯೪೭ರಲ್ಲಿ ಸಿಕ್ಕಿದ ೫೪.೫ ಕ್ಯಾರೆಟ್ಟಿನ ಗುಲಾಬಿ ಕಲ್ಲನ್ನು ಗಣಿಯ ಒಡೆಯನು ಬ್ರಿಟನ್ನಿನ ರಾಜಕುಮಾರಿ ಎಲಿಜಬೆತ್ ಅವರ ಮದುವೆಗೆ ಉಡುಗೊರೆಯಾಗಿ ಕೊಟ್ಟನು. ಸಾಣೆಯಾದ ಮೇಲೆ ಉಳಿದುದು ೨೩.೬ ಕ್ಯಾರೆಟ್. ದುರ್ಲಭವೆಂಬುದು ದಿಟ, ಸಂಪೂರ್ಣವಾಗಿ ಮುಗಿದುಹೋಯಿತೆಂಬುದು ವ್ಯಾಪಾರದ ಮಾತು.

ಒಂದು ವಾರ ಕಳೆದು ದಂಪತಿಗಳು ಮತ್ತೆ ಬಂದರು. ನಾವು ಲಕೋಟೆಯೊಳಗಿನ ಪರೀಕ್ಷಾಪತ್ರವನ್ನು ಬಿಡಿಸಿ ಮುಂದಿಟ್ಟುಕೊಂಡೆವು. ಅದನ್ನು ಓದುವ ಕ್ರಮವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ಬಿಳಿಯ ವಜ್ರಕ್ಕೆ ಬಣ್ಣವಿಲ್ಲದಿರುವುದೇ ಗುಣ. ಅದಕ್ಕೆ ಇಂಗ್ಲಿಷಿನ ಡಿ ಅಕ್ಷರದಿಂದ ಝೆಡ್ ವರೆಗೆ ದರ್ಜೆಗಳುಂಟು. ಡಿ ಎಂದರೆ ನಿರ್ಮಲ ಜಲದಂತೆ ವರ್ಣರಹಿತ, ಮುಂದೆ ಹೋದಂತೆ ಹಳದಿಯ ಛಾಯೆ ಹೆಚ್ಚು. ಗುಲಾಬಿ ವಜ್ರಕ್ಕೆ ಈ ಕ್ರಮ ತಲೆಕೆಳಗು; ಬಣ್ಣವು ಹೆಚ್ಚಿದಷ್ಟೂ ಬೆಲೆ. ಬಿಳಿಯ ವಜ್ರವನ್ನು ಮುಖ ಕೆಳಗಾಗಿ ಇಟ್ಟು ಬಣ್ಣ ನೋಡುವರು. ಬಣ್ಣದ ವಜ್ರವನ್ನು ಮುಖ ಮೇಲಾಗಿ ಇಟ್ಟು, ಗೊತ್ತಾದ ಬೆಳಕಿನಲ್ಲಿ, ಮಾದರಿಯ ಬಣ್ಣಗಳೊಡನೆ ಹೋಲಿಸುವರು. ನೋಡತಕ್ಕ ಅಂಶಗಳು ಮೂರು: ಬಣ್ಣ ಯಾವುದು, ಅದು ತಿಳಿಯೋ ಕಪ್ಪೋ, ಎಷ್ಟು ಗಾಢ. ಅಮೆರಿಕದ ರತ್ನವಿದ್ಯಾಸಂಸ್ಥೆಯಾದ ಜಿ.ಐ.ಎ. ಈ ಮೂರನ್ನೂ ಕೂಡಿಸಿ ದರ್ಜೆಗಳಿಗೆ ಹೆಸರಿಟ್ಟಿದೆ. ಫೇಂಟ್, ವೆರಿ ಲೈಟ್, ಲೈಟ್ ಎಂಬುವು ಮೊದಲ ಮೂರು ಮೆಟ್ಟಲುಗಳು. ಇವುಗಳಲ್ಲಿ ಬಣ್ಣವು ಹಾಲಿನಲ್ಲಿ ಬಿದ್ದ ಕುಂಕುಮದ ಕಣದಂತೆ ಇದ್ದೂ ಇಲ್ಲದ ಹಾಗಿರುವುದು. ಅನಂತರ ಫ್ಯಾನ್ಸಿ ಲೈಟ್, ಫ್ಯಾನ್ಸಿ, ಫ್ಯಾನ್ಸಿ ಇಂಟೆನ್ಸ್. ಎಲ್ಲಕ್ಕೂ ಉಜ್ಜ್ವಲವಾದುದು ಫ್ಯಾನ್ಸಿ ವಿವಿಡ್. ಕಪ್ಪಿನ ಕಡೆಗೆ ಹೊರಳಿದ ಬಣ್ಣಗಳಿಗೆ ಡೀಪ್, ಡಾರ್ಕ್ ಎಂದು ಬೇರೆ ಹೆಸರುಗಳು. ಆರ್ಗೈಲ್ ಗಣಿಯವರು ತಮ್ಮದೇ ಆದ ಇನ್ನೊಂದು ಕ್ರಮವನ್ನು ಇಟ್ಟುಕೊಂಡಿದ್ದರು. ಅಲ್ಲಿ ೧ರಿಂದ ೯ರ ವರೆಗೆ ಅಂಕಿ. ೧ ಎಂದರೆ ಅತಿ ಗಾಢ, ೯ ಎಂದರೆ ಅತಿ ತಿಳಿ.

ಇದಲ್ಲದೆ ಬಣ್ಣದ ಹೆಸರಿನಲ್ಲಿಯೂ ಒಂದು ವ್ಯಾಕರಣವುಂಟು. ಪರ್ಪ್ಲಿಷ್ ಪಿಂಕ್ ಎಂದರೆ ನೇರಳೆಯ ಛಾಯೆಯ ಗುಲಾಬಿ, ಬ್ರೌನಿಷ್ ಪಿಂಕ್ ಎಂದರೆ ಕಂದು ಛಾಯೆಯ ಗುಲಾಬಿ. ಕೊನೆಯ ಪದವು ವಿಶೇಷ್ಯ; ಹಿಂದಿನದು ವಿಶೇಷಣ. ವಿಶೇಷಣವಿಲ್ಲದ ಶುದ್ಧ ಗುಲಾಬಿಗೂ ನೇರಳೆಯ ಛಾಯೆಯದಕ್ಕೂ ಆದರ ಹೆಚ್ಚು. ಕಂದು ಸೇರಿದರೆ ಬೆಲೆ ಬಹಳ ಇಳಿಯುತ್ತದೆ. ಗುಲಾಬಿ ವಜ್ರದಲ್ಲಿ ಒಳಗಿನ ಬಿರುಕು, ಚುಕ್ಕೆಗಳು ಸಾಮಾನ್ಯ. ಬಣ್ಣ ಚೆನ್ನಾಗಿದ್ದರೆ ಕೊಳ್ಳುವವರು ಅವನ್ನು ಸ್ವಲ್ಪಮಟ್ಟಿಗೆ ಕ್ಷಮಿಸುವರು.

ನಮ್ಮ ಶಿಷ್ಯರ ಕೈಯಲ್ಲಿದ್ದ ಪತ್ರದಲ್ಲಿ ಬರೆದುದು ಲೈಟ್ ಬ್ರೌನಿಷ್ ಪಿಂಕ್ ಎಂದು. ಎಂದರೆ ಕೆಳಗಿನಿಂದ ಮೂರನೆಯ ಮೆಟ್ಟಲು, ಅದರ ಮೇಲೆ ಕಂದಿನ ವಿಶೇಷಣ. ದಲ್ಲಾಳಿಯು ಹೇಳಿದ ಹರಾಜಿನ ಬೆಲೆಗಳಾದರೋ ವಿವಿಡ್ ದರ್ಜೆಯ ದೊಡ್ಡ ಕಲ್ಲುಗಳವು. ೨೦೨೨ರಲ್ಲಿ ಹಾಂಗ್‌ಕಾಂಗಿನಲ್ಲಿ ೧೧.೧೫ ಕ್ಯಾರೆಟ್ಟಿನ ಅಂಥ ಒಂದು ಕಲ್ಲು ೫ ಕೋಟಿ ೭೭ ಲಕ್ಷ ಡಾಲರಿಗೆ ಮಾರಾಟವಾದುದು ನಿಜ. ಕ್ಯಾರೆಟ್ಟಿಗೆ ೫೧ ಲಕ್ಷಕ್ಕೂ ಮೇಲಾಯಿತು. ಆ ಲೆಕ್ಕವನ್ನು ಈ ಕಾಲು ಕ್ಯಾರೆಟ್ಟಿನ ತಿಳಿಗಂದು ಕಲ್ಲಿಗೆ ಹಚ್ಚುವುದು ಪಟ್ಟದಾನೆಯ ಬೆಲೆಯನ್ನು ಹೇಳಿ ಕರುವನ್ನು ಮಾರಿದಂತೆ.

ಶಿಷ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಈ ಕಲ್ಲಿನ ಸರಿಯಾದ ಬೆಲೆ ಎಷ್ಟು, ಮೇಷ್ಟ್ರೇ? ಪತ್ರದಲ್ಲಿ ಎಲ್ಲಿಯೂ ಕಾಣುವುದಿಲ್ಲವಲ್ಲ" ಎಂದರು.

ಕಾಣುವುದಿಲ್ಲ, ಏಕೆಂದರೆ ಪರೀಕ್ಷಾಪತ್ರದಲ್ಲಿ ಬೆಲೆಯನ್ನು ಬರೆಯುವ ಪದ್ಧತಿಯಿಲ್ಲ. ಅದು ಕಲ್ಲಿನ ಗುಣವನ್ನು ಹೇಳುತ್ತದೆ. ಬೆಲೆಯನ್ನು ಹೇಳತಕ್ಕವನು ಕೊಳ್ಳುವವನು. ಇದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇವೆ.

ಫ್ರಾನ್ಸ್ ದೇಶದ ರತ್ನವರ್ತಕ ಟವರ್ನಿಯೆ ೧೬೪೨ರಲ್ಲಿ ಗೋಲ್ಕೊಂಡದಲ್ಲಿ ೨೪೨ ಕ್ಯಾರೆಟ್ಟಿನ ಒಂದು ಚಪ್ಪಟೆ ವಜ್ರವನ್ನು ಕಂಡನು. ಈಗಿನ ದರಿಯಾ-ಇ-ನೂರ್ ಅದರಿಂದಲೇ ಕತ್ತರಿಸಿದ್ದೆಂದು ೧೯೬೫ರಲ್ಲಿ ಇರಾನಿನ ಭಂಡಾರವನ್ನು ಪರೀಕ್ಷಿಸಿದ ಕೆನಡದ ವಿದ್ವಾಂಸರ ಅಭಿಪ್ರಾಯ. ಒಡೆಯನು ಕೇಳಿದುದು ಐದು ಲಕ್ಷ ರೂಪಾಯಿ. ಟವರ್ನಿಯೆ ಅದರ ಅಚ್ಚನ್ನು ಸೀಸದಲ್ಲಿ ತೆಗೆದು ಸೂರತ್ತಿನ ಗೆಳೆಯರಿಗೆ ಕಳುಹಿಸಿದನು. ನಾಲ್ಕು ಲಕ್ಷಕ್ಕೆ ಕೇಳೆಂದು ಅವರಿಂದ ಉತ್ತರ ಬಂದಿತು. ಒಡೆಯನು ಒಪ್ಪಲಿಲ್ಲ, ವ್ಯಾಪಾರ ನಡೆಯಲಿಲ್ಲ. ಲೋಕದಲ್ಲೇ ಅಪೂರ್ವವಾದ ರತ್ನವೊಂದಕ್ಕೆ ಅದನ್ನು ಚೆನ್ನಾಗಿ ಬಲ್ಲವರ ನಡುವೆಯೇ ಒಂದು ಲಕ್ಷದ ವ್ಯತ್ಯಾಸ!

ಎರಡನೆಯದು ನಮ್ಮ ಕಾಲದ್ದು. 'ಪಿಂಕ್ ಸ್ಟಾರ್' ಎಂಬ ೫೯.೬೦ ಕ್ಯಾರೆಟ್ಟಿನ ವಿವಿಡ್ ದರ್ಜೆಯ ಗುಲಾಬಿ ವಜ್ರವು ೨೦೧೩ರಲ್ಲಿ ಜಿನೀವಾ ನಗರದ ಹರಾಜಿನಲ್ಲಿ ೮ ಕೋಟಿ ೩೦ ಲಕ್ಷ ಡಾಲರಿಗೆ ಹೋಯಿತೆಂದು ಪತ್ರಿಕೆಗಳೆಲ್ಲ ಬರೆದುವು. ಕೂಗಿದವನು ಹಣ ಕಟ್ಟಲಿಲ್ಲ. ಕಲ್ಲು ಹರಾಜುಮನೆಯಲ್ಲೇ ಉಳಿಯಿತು. ೨೦೧೭ರಲ್ಲಿ ಹಾಂಗ್‌ಕಾಂಗಿನಲ್ಲಿ ಮತ್ತೆ ಹರಾಜಾದಾಗ ಬಂದುದು ೭ ಕೋಟಿ ೧೨ ಲಕ್ಷ. ಇದು ಹರಾಜಿನಲ್ಲಿ ಯಾವುದೇ ರತ್ನಕ್ಕೆ ಅದುವರೆಗೆ ಬಂದುದಕ್ಕಿಂತ ಹೆಚ್ಚಿನ ಬೆಲೆಯೇ ಸರಿ. ಆದರೆ ಆ ನಾಲ್ಕು ವರ್ಷಗಳಲ್ಲಿ ಕಲ್ಲಿನ ಬಣ್ಣ ಮಾಸಿರಲಿಲ್ಲ, ತೂಕ ಇಳಿದಿರಲಿಲ್ಲ, ಲೋಕದಲ್ಲಿ ಅಂಥ ಎರಡನೆಯದು ಹುಟ್ಟಿರಲಿಲ್ಲ. ಆದರೂ ಬೆಲೆ ಒಂದು ಕೋಟಿಗೂ ಹೆಚ್ಚು ಇಳಿದಿತ್ತು. ದುರ್ಲಭತೆಯು ಕಲ್ಲಿನ ಗುಣ. ಬೆಲೆಯು ಇಬ್ಬರು ಮನುಷ್ಯರ ಒಪ್ಪಂದ.

ಚಿನ್ನಕ್ಕೂ ಇದಕ್ಕೂ ಇರುವ ಭೇದವನ್ನು ನಮ್ಮ ಗೃಹಿಣಿಯರು ಚೆನ್ನಾಗಿ ಬಲ್ಲರು. ಚಿನ್ನಕ್ಕೆ ದಿನದಿನದ ದರವುಂಟು. ಒರೆಗಲ್ಲಿಗೆ ಹಚ್ಚಬಹುದು, ಕರಗಿಸಬಹುದು. ಎರಡು ಬಳೆಗಳಲ್ಲಿ ಒಂದನ್ನು ಮಾರಿ ಒಂದನ್ನು ಉಳಿಸಿಕೊಳ್ಳಬಹುದು. ಬಣ್ಣದ ವಜ್ರವನ್ನು ಅರ್ಧ ಮಾರಲಾಗದು. ಒಂದೊಂದು ಕಲ್ಲೂ ಒಂದೊಂದು ಜಾತಿಯಾದ್ದರಿಂದ ಅದಕ್ಕೆ ಪೇಟೆಯ ದರವೆಂಬುದಿಲ್ಲ. ಮೇಲಾಗಿ ಇಂದು ಯಂತ್ರಶಾಲೆಗಳಲ್ಲಿ ಬೆಳೆಸಿದ ವಜ್ರಕ್ಕೂ ಕಿರಣಗಳಿಂದಲೂ ಕಾವಿನಿಂದಲೂ ಗುಲಾಬಿ ಬಣ್ಣವನ್ನು ಬರಿಸುವರು. ಅದೂ ವಜ್ರವೇ, ಅದೂ ಗುಲಾಬಿಯೇ. ಬೆಲೆ ಮಾತ್ರ ಗಣಿಯ ಕಲ್ಲಿನ ಅತ್ಯಲ್ಪಾಂಶ. ಬರಿಗಣ್ಣಿಗೆ ಈ ಭೇದ ತಿಳಿಯದು, ಪರೀಕ್ಷಾಲಯವೇ ಹೇಳಬೇಕು. ಬಣ್ಣವು ಸಹಜವೆಂದು ಪತ್ರದಲ್ಲಿ ಸ್ಪಷ್ಟವಾಗಿ ಬರೆದಿದೆಯೆ, ಪತ್ರದ ಸಂಖ್ಯೆಯನ್ನು ಕಲ್ಲಿನ ಅಂಚಿನ ಮೇಲೆ ಕೆತ್ತಿದ್ದರೆ ಎರಡೂ ಒಂದೇ ಆಗಿವೆಯೆ, ಆ ಪತ್ರವನ್ನು ಕೊಟ್ಟ ಸಂಸ್ಥೆಯನ್ನೇ ನೇರವಾಗಿ ವಿಚಾರಿಸಿದರೆ ಅದು ತನ್ನದೆಂದು ಒಪ್ಪುವುದೆ, ಇವುಗಳನ್ನು ನೋಡದೆ ಯಾರೂ ಹಣ ಬಿಚ್ಚಬಾರದು.

ಇಷ್ಟನ್ನು ಹೇಳಿದ ಮೇಲೆ ನಮ್ಮ ಮನೆಯ ಒಂದು ಸಂಗತಿಯನ್ನೂ ಅವರಿಗೆ ಹೇಳಿದೆವು. ವಾಚಕರಿಂದ ಅದನ್ನು ಮರೆಮಾಚುವ ಕಾರಣವಿಲ್ಲ. ಮೂವತ್ತು ವರ್ಷಗಳ ಹಿಂದೆ ನಮ್ಮ ತಂದೆಯವರು ಕಾಯಿಲೆ ಬಿದ್ದಾಗ, ತಾಯಿಯವರ ಏಳು ಕಲ್ಲಿನ ವಜ್ರದ ಓಲೆಗಳನ್ನು ಅವು ಕೊಂಡ ಅಂಗಡಿಗೇ ಮಾರಲು ಒಯ್ದಿದ್ದೆವು. ಚಿನ್ನಕ್ಕೆ ಅಂದಿನ ದರ ಕೊಟ್ಟರು. ಕಲ್ಲುಗಳನ್ನು ಕನ್ನಡಿಯಿಟ್ಟು ನೋಡಿ, ಕೊಂಡ ಬೆಲೆಯ ಮೂರರಲ್ಲೊಂದು ಪಾಲನ್ನು ಹೇಳಿದರು. ಬೇರೆ ಎರಡು ಅಂಗಡಿಗಳಲ್ಲಿ ಅದಕ್ಕೂ ಕಡಮೆ. ನಮಗೆ ಅವಮಾನವಾದಂತಾಗಿ ಮನೆಗೆ ಬಂದು ತಲೆತಗ್ಗಿಸಿ ಹೇಳಿದೆವು. ತಾಯಿಯವರು ನಕ್ಕು, "ಅದಕ್ಕೇನಪ್ಪ, ಮೂವತ್ತೈದು ವರ್ಷ ಕಿವಿಯಲ್ಲಿ ಹಾಕಿಕೊಂಡು ತಿರುಗಿದೆನಲ್ಲ, ಉಳಿದ ಎರಡು ಪಾಲು ನನಗೆ ಆಗಲೇ ಸಂದಿದೆ" ಎಂದರು. ಆಭರಣದ ಅರ್ಥಶಾಸ್ತ್ರವನ್ನು ನಾವು ಕಲಿತದ್ದು ಆ ದಿನ. ಧರಿಸುವುದಕ್ಕೆ ಕೊಂಡವನಿಗೆ ನಷ್ಟವಿಲ್ಲ. ಮಾರುವುದಕ್ಕೆಂದು ಕೊಂಡ ಗೃಹಸ್ಥನಿಗೆ ಧರಿಸುವ ಸುಖವೂ ಇಲ್ಲ, ಮಾರುವ ವಿದ್ಯೆಯೂ ಇಲ್ಲ.

ಆಗ ಶಿಷ್ಯರ ಹೆಂಡತಿ ಮೊದಲ ಸಲ ಬಾಯಿಬಿಟ್ಟರು. "ನನಗೆ ದರ್ಜೆಗಿರ್ಜೆ ತಿಳಿಯದು, ಮೇಷ್ಟ್ರೇ. ಮದುವೆ ಗೊತ್ತಾದ ಮೇಲೆ ಛತ್ರದವರಿಗೂ ಅಡಿಗೆಯವರಿಗೂ ಹಣ ಕೊಡಬೇಕಲ್ಲ. ಆಗ ಈ ಕಲ್ಲನ್ನು ಯಾರಿಗೆ ಮಾರುವುದು ಅಂತ ನಾನು ಇವರನ್ನು ಕೇಳಿದೆ. ಅದಕ್ಕೆ ಇವರು ಉತ್ತರ ಹೇಳಲಿಲ್ಲ."

ನಾವು ಒಂದು ವಾರ ಗ್ರಂಥಗಳನ್ನು ತಿರುವಿ ಕಂಡುಕೊಂಡುದು ಆ ತಾಯಿಯ ಒಂದು ಪ್ರಶ್ನೆಯಲ್ಲಿ ಅಡಗಿತ್ತು. "ಅಪ್ಪಾ, ಆ ದಲ್ಲಾಳಿಯನ್ನೇ ಕೇಳು," ಎಂದೆವು. "ಇನ್ನು ಮೂರು ವರ್ಷಕ್ಕೆ ಇದೇ ಬೆಲೆಗೆ ನೀನೇ ಕೊಳ್ಳುತ್ತೇನೆಂದು ಕಾಗದದ ಮೇಲೆ ಬರೆದುಕೊಡು ಎನ್ನು. ಎರಡರಷ್ಟು ಬೇಡ, ಇದೇ ಬೆಲೆಗೆ ಸಾಕು."

ನಾಲ್ಕು ದಿನಗಳ ಬಳಿಕ ಶಿಷ್ಯರು ದೂರವಾಣಿಯಲ್ಲಿ ಮಾತನಾಡಿದರು. ದಲ್ಲಾಳಿಯು ಬರೆದುಕೊಡಲು ಒಪ್ಪಲಿಲ್ಲವಂತೆ. ಇವರು ಪತ್ರವನ್ನು ಹಿಂದಿರುಗಿಸಿದರಂತೆ. ಮಗಳಿಗೆ ಈ ಸುದ್ದಿ ತಿಳಿದಾಗ, ಅಜ್ಜಿಯ ಕೆಂಪಿನ ಓಲೆಯನ್ನು ತೊಳೆಸಿ ಕಟ್ಟಿಸಿಕೊಟ್ಟರೆ ಸಾಕೆಂದಳಂತೆ.

ಗುಲಾಬಿ ವಜ್ರವನ್ನು ನಾವು ನಿಂದಿಸುತ್ತಿಲ್ಲ. ನೂರಾರು ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಒತ್ತಡಕ್ಕೆ ಸಿಕ್ಕಿ, ಒಡೆಯದೆ, ಬಣ್ಣವನ್ನು ತಳೆದು ಬಂದ ಆ ಕಲ್ಲು ನೋಡತಕ್ಕದ್ದು, ಮೆಚ್ಚತಕ್ಕದ್ದು. ಮಿಗಿಲಾದ ಹಣವುಳ್ಳವರು, ಬಣ್ಣಕ್ಕೆ ಮನಸೋತವರು, ಪರೀಕ್ಷೆ ಮಾಡಿಸಿ ಕೊಂಡು ಧರಿಸಲಿ. ಅವರ ಮನೆಯ ಹೆಣ್ಣುಮಕ್ಕಳಿಗೆ ಅದು ಶೋಭೆಯನ್ನು ತರಲಿ. ಆದರೆ ಮಗಳ ಮದುವೆಗೆಂದು ತಿಂಗಳು ತಿಂಗಳೂ ಎತ್ತಿಟ್ಟ ಹಣವನ್ನು, ಮುಂದೆ ಯಾರು ಕೊಳ್ಳುವರೆಂದು ಗೊತ್ತಿಲ್ಲದ ವಸ್ತುವಿನಲ್ಲಿ ಹೂಡಬಾರದೆಂಬುದೇ ನಮ್ಮ ಅರಿಕೆ.